ಯಂತ್ರಕಲಿಕೆಯಿಂದ ಔಷಧ ಹುಡುಕುವ ಸಂಸ್ಥೆಗೆ ಜನರನ್ನು ಆರಿಸುವುದು ಹೇಗೆ

ಯಂತ್ರಕಲಿಕೆಯ, ಅಂದರೆ ದತ್ತಾಂಶ ನೋಡಿ ಕಂಪ್ಯೂಟರ್ ತಾನೇ ಕಲಿಯುವ ವಿಧಾನದ, ನೆರವಿನಿಂದ ಹೊಸ ಔಷಧ ಹುಡುಕಲು ಹೊರಡುವವರಲ್ಲಿ ಹೆಚ್ಚಿನವರು ಮೊದಲು ಸಾಫ್ಟ್‌ವೇರ್ ಬಲ್ಲವರನ್ನು ಕೂಡಿಸಿಕೊಂಡು, ಕಂಪ್ಯೂಟರ್‌ಗಳಿಗೆ ಹಣ ಹೊಂದಿಸಿ, ಆಮೇಲೆ ಯಾವ ರೋಗವನ್ನು ಹಿಡಿಯೋಣ ಎಂದು ಯೋಚಿಸತೊಡಗುತ್ತಾರೆ. ಈ ಕ್ರಮ ತಲೆಕೆಳಗಾದದ್ದು ಎಂದು ನಾನು ದೃಢವಾಗಿ ನಂಬಿದ್ದೇನೆ. ಅಣುವೊಂದನ್ನು ವಿನ್ಯಾಸ ಮಾಡುವುದು, ಅದನ್ನು ಪ್ರಯೋಗಾಲಯದಲ್ಲಿ ತಯಾರಿಸುವುದು, ಪರೀಕ್ಷಿಸುವುದು, ಬಂದ ಫಲಿತಾಂಶದಿಂದ ಪಾಠ ಕಲಿತು ಮತ್ತೆ ವಿನ್ಯಾಸಕ್ಕೆ ಮರಳುವುದು, ಈ ನಾಲ್ಕು ಹೆಜ್ಜೆಗಳ ಚಕ್ರವೇ ಇಂಥ ಸಂಸ್ಥೆಯ ಜೀವಾಳ. ಆದ್ದರಿಂದ ಯಾರನ್ನೇ ಸೇರಿಸಿಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ: ಇವರು ಬಂದರೆ ಚಕ್ರ ಈಗಿನದಕ್ಕಿಂತ ಸರಾಗವಾಗಿ ತಿರುಗುತ್ತದೆಯೇ? ಅದು ತಪ್ಪು ದಾರಿ ಹಿಡಿದಾಗ ತಡೆದು ನಿಲ್ಲಿಸುವ ತಿಳಿವಳಿಕೆ ಇವರಿಗಿದೆಯೇ?

ಮೊದಲ ಕುರ್ಚಿ ರೋಗವನ್ನು ಬಲ್ಲವರಿಗೆ

ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬರುವ ಹತ್ತು ಔಷಧಗಳಲ್ಲಿ ಸುಮಾರು ಒಂಬತ್ತು ಮಾರುಕಟ್ಟೆಯನ್ನು ತಲುಪುವುದಿಲ್ಲ. ಈ ಸೋಲಿಗೆ ಅತಿ ಸಾಮಾನ್ಯವಾದ ಕಾರಣ ಔಷಧ ಕೆಲಸ ಮಾಡದಿರುವುದು. ಅಣು ತಾನು ಹಿಡಿಯಬೇಕಾದ ಪ್ರೋಟೀನನ್ನು ಚೆನ್ನಾಗಿಯೇ ಹಿಡಿದಿರುತ್ತದೆ, ಆದರೆ ಆ ಪ್ರೋಟೀನ್ ಆ ರೋಗದ ಮೂಲವೇ ಆಗಿರುವುದಿಲ್ಲ. ಗುರಿಯನ್ನೇ ತಪ್ಪಾಗಿ ಆರಿಸಿಕೊಂಡ ಮೇಲೆ ದತ್ತಾಂಶದಿಂದ ಕಲಿತು ಮುನ್ಸೂಚನೆ ಕೊಡುವ ಕಂಪ್ಯೂಟರ್ ಮಾದರಿ ಎಷ್ಟೇ ನಿಖರವಾಗಿದ್ದರೂ ಯೋಜನೆಯನ್ನು ಉಳಿಸಲಾರದು. ಹಾಗಾಗಿ ಮೊದಲು ಬರಬೇಕಾದವರು ಒಂದು ರೋಗದ ಜೀವವಿಜ್ಞಾನದಲ್ಲಿ ವರ್ಷಗಟ್ಟಲೆ ಮುಳುಗಿದವರು: ರೋಗಿಗಳ ಅಂಗಾಂಶದ ತುಣುಕುಗಳನ್ನು ಕೈಯಾರೆ ನೋಡಿದವರು, ಇಲಿಯಲ್ಲಿ ಗುಣವಾದದ್ದು ಮನುಷ್ಯನಲ್ಲಿ ಏಕೆ ಗುಣವಾಗಲಿಲ್ಲ ಎಂಬುದನ್ನು ಕಂಡವರು, ಮಾನವ ತಳಿವಿಜ್ಞಾನದ ಪುರಾವೆ ಎಲ್ಲಿ ಗಟ್ಟಿ, ಎಲ್ಲಿ ಜಾಳು ಎಂದು ಹೇಳಬಲ್ಲವರು.

2020ರ ಫೆಬ್ರವರಿಯಲ್ಲಿ ಲಂಡನ್ನಿನ ಬೆನೆವೊಲೆಂಟ್‌ಎಐ ಸಂಸ್ಥೆಯ ತಂಡವು, ಸಂಧಿವಾತಕ್ಕೆ ಆಗಲೇ ಬಳಕೆಯಲ್ಲಿದ್ದ ಬ್ಯಾರಿಸಿಟಿನಿಬ್ ಎಂಬ ಔಷಧ ಕೋವಿಡ್‌ಗೆ ಉಪಯೋಗವಾಗಬಹುದೆಂದು ಪ್ರಕಟಿಸಿತು. ವೈದ್ಯಕೀಯ ಸಾಹಿತ್ಯವನ್ನು ಜಾಲದಂತೆ ಹೆಣೆದ ದತ್ತಾಂಶವನ್ನು ಯಂತ್ರವೇ ಜಾಲಾಡಿದ್ದು ನಿಜ. ಆದರೆ ವೈರಸ್ ಜೀವಕೋಶದೊಳಗೆ ನುಸುಳುವುದನ್ನು ತಡೆಯುವ, ಜೊತೆಗೆ ಉರಿಯೂತವನ್ನೂ ತಗ್ಗಿಸುವ ಒಂದೇ ಔಷಧ ಇದೆಯೇ ಎಂಬ ಪ್ರಶ್ನೆ ಹುಟ್ಟಿದ್ದು ಔಷಧಶಾಸ್ತ್ರ ಬಲ್ಲ ಪೀಟರ್ ರಿಚರ್ಡ್‌ಸನ್ ಮತ್ತು ಅವರ ಸಹೋದ್ಯೋಗಿಗಳ ತಲೆಯಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತುರ್ತು ಬಳಕೆಗೆ ಅನುಮತಿಸಿತು, 2022ರ ಮೇ ತಿಂಗಳಲ್ಲಿ ಪೂರ್ಣ ಅನುಮೋದನೆ ಬಂತು. ಇದೇ ಸಂಸ್ಥೆ ಚರ್ಮದ ಉರಿಯೂತಕ್ಕೆಂದು ತಾನೇ ರೂಪಿಸಿದ ಔಷಧ ಮಾತ್ರ 2023ರಲ್ಲಿ ರೋಗಿಗಳ ಮೇಲಿನ ಪ್ರಯೋಗದಲ್ಲಿ ಪರಿಣಾಮ ತೋರಲಿಲ್ಲ. ಗಣಕದ ಬಲವೊಂದೇ ಗೆಲುವನ್ನು ಗೊತ್ತುಮಾಡುವುದಾಗಿದ್ದರೆ ಈ ವ್ಯತ್ಯಾಸ ಬರುತ್ತಿರಲಿಲ್ಲ.

ಜೀವವಿಜ್ಞಾನಿಯನ್ನು ಸಂದರ್ಶಿಸುವಾಗ ಅವರ ಯಶಸ್ಸಿನ ಪಟ್ಟಿ ಓದಿ ತೃಪ್ತರಾಗಬೇಡಿ. ಯಾವ ಗುರಿಯನ್ನು, ಯಾವ ಪ್ರಯೋಗದ ಫಲಿತಾಂಶ ನೋಡಿ ಕೈಬಿಟ್ಟಿರಿ ಎಂದು ಕೇಳಿ. ಇದಕ್ಕೆ ತಡವರಿಸದೆ, ವಿವರವಾಗಿ ಉತ್ತರಿಸಬಲ್ಲವರು ನಿಮ್ಮ ಮೊದಲ ಆಯ್ಕೆಯಾಗಲಿ.

ಒಂದೇ ಮೇಜಿನ ಎರಡು ಬದಿ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಈ ಕ್ಷೇತ್ರದಲ್ಲಿ ನಿಜವಾಗುವುದು ಔಷಧ ರಸಾಯನಜ್ಞರು ಮತ್ತು ಮಾದರಿ ಕಟ್ಟುವವರ ನಡುವೆ. ಸಂಸ್ಥೆಯ ಗೆಲುವು ಇವರಿಬ್ಬರ ಸಂಬಂಧದ ಮೇಲೆ ಬೇರೆಲ್ಲಕ್ಕಿಂತ ಹೆಚ್ಚು ನಿಂತಿದೆ ಎಂಬ ಕಾರಣಕ್ಕೆ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ವಾರದ ಸಭೆಯೊಂದನ್ನು ಹತ್ತಿರದಿಂದ ನೋಡೋಣ. ಮಾದರಿ ಅತಿ ಹೆಚ್ಚು ಅಂಕ ಕೊಟ್ಟ ಇಪ್ಪತ್ತು ಅಣುಗಳ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ ಮೇಜಿನ ಮೇಲೆ ಹರಡಲಾಗಿದೆ. ರಸಾಯನಜ್ಞೆ ಪೆನ್ಸಿಲ್ ಹಿಡಿದು ಒಂದೊಂದನ್ನೇ ನೋಡುತ್ತಾರೆ. ಮೊದಲನೆಯದರ ತುದಿಯಲ್ಲಿ ಆಲ್ಡಿಹೈಡ್ ಎಂಬ ರಾಸಾಯನಿಕ ಗುಂಪು ಇದೆ, ಅದು ಸಿಕ್ಕಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ ಎಂದು ಗೀಟು ಎಳೆಯುತ್ತಾರೆ. ಮೂರನೆಯದನ್ನು ತಯಾರಿಸಲು ಹನ್ನೆರಡು ಹಂತಗಳಾದರೂ ಬೇಕು, ಅದು ಕೈಗೆ ಬರುವಷ್ಟರಲ್ಲಿ ಪ್ರಶ್ನೆಯೇ ಹಳತಾಗಿರುತ್ತದೆ. ಏಳನೆಯದರಲ್ಲಿ ರೋಡನೀನ್ ಉಂಗುರವಿದೆ. ಇಂಥ ರಚನೆಗಳು ಗುರಿಯನ್ನು ಹಿಡಿಯದಿದ್ದರೂ ಪರೀಕ್ಷೆಯ ಅಳತೆಯನ್ನೇ ಕೆಡಿಸಿ ಸುಳ್ಳು ಯಶಸ್ಸು ತೋರಿಸುತ್ತವೆ ಎಂಬುದನ್ನು 2010ರಲ್ಲೇ ಜೊನಾಥನ್ ಬೇಲ್ ಮತ್ತು ಜಾರ್ಜಿನಾ ಹಾಲೊವೇ ಪಟ್ಟಿ ಮಾಡಿ ತೋರಿಸಿದ್ದರು. ಅರ್ಧ ಗಂಟೆಯಲ್ಲಿ ಇಪ್ಪತ್ತು ಅಣುಗಳು ಆರಕ್ಕೆ ಇಳಿಯುತ್ತವೆ.

ಇಲ್ಲಿ ಮಾದರಿ ಕಟ್ಟಿದವರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ಮುಖ ಸಪ್ಪಗೆ ಮಾಡಿಕೊಂಡು ಎದ್ದುಹೋಗುವವರು ಬೇಡ, ತಲೆಯಾಡಿಸಿ ಸುಮ್ಮನಾಗುವವರೂ ಬೇಡ. ಪ್ರತಿ ಗೀಟಿಗೂ ಕಾರಣ ಕೇಳಿ ಬರೆದುಕೊಂಡು, ಮುಂದಿನ ವಾರ ಮಾದರಿಯು ಅದೇ ತಪ್ಪನ್ನು ಮತ್ತೆ ಮಾಡದಂತೆ ತಿದ್ದಿಕೊಂಡು ಬರುವವರು ಬೇಕು. ರಸಾಯನಜ್ಞರಿಂದಲೂ ಅಷ್ಟೇ ಪ್ರಾಮಾಣಿಕತೆ ಬೇಕು. ಫೈಜರ್‌ನಲ್ಲಿದ್ದ ಕ್ರಿಸ್ಟೊಫರ್ ಲಿಪಿನ್‌ಸ್ಕಿ ಮತ್ತು ಸಂಗಡಿಗರು 1997ರಲ್ಲಿ ಮಂಡಿಸಿದ ಐದರ ಸೂತ್ರ, ಅಂದರೆ ಬಾಯಿಯ ಮೂಲಕ ಕೊಡುವ ಔಷಧದ ಅಣುತೂಕ 500ನ್ನು ಮೀರಿದರೆ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳದೆ ಹೋಗುವ ಸಂಭವ ಹೆಚ್ಚು ಎಂಬಂಥ ಎಚ್ಚರಿಕೆಗಳ ಕಟ್ಟು, ತುಂಬ ಉಪಯುಕ್ತ. ಆದರೆ ಅದನ್ನು ಮೀರಿದ ಒಳ್ಳೆಯ ಔಷಧಗಳೂ ಇವೆ. ಸೂತ್ರವನ್ನು ಶಾಸನದಂತೆ ಪಠಿಸುವ ರಸಾಯನಜ್ಞರು ಮಾದರಿಯ ಹೊಸತನವನ್ನೆಲ್ಲ ಚಿವುಟಿಹಾಕಿಬಿಡುತ್ತಾರೆ. ಪ್ರತಿ ಸುತ್ತಿನಲ್ಲೂ ತಮಗೆ ಹಿಡಿಸದ ಒಂದೆರಡು ಅಣುಗಳನ್ನಾದರೂ, ಮಾದರಿ ಹೇಳಿದೆ ಎಂಬ ಕಾರಣಕ್ಕೆ, ತಯಾರಿಸಲು ಒಪ್ಪುವವರನ್ನು ಆರಿಸಿ. ಮಾದರಿ ಸರಿಯೋ ತಪ್ಪೋ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಈ ಹೊಂದಾಣಿಕೆಯ ಒಳ್ಳೆಯ ಉದಾಹರಣೆ 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಬಂದ ಹ್ಯಾಲಿಸಿನ್ ಎಂಬ ಪ್ರತಿಜೀವಕ. ಅಲ್ಲಿ ಜೇಮ್ಸ್ ಕಾಲಿನ್ಸ್ ಜೀವವಿಜ್ಞಾನದ ಕಡೆಯವರು, ರೆಜಿನಾ ಬಾರ್ಜಿಲೇ ಕಂಪ್ಯೂಟರ್ ವಿಜ್ಞಾನದ ಕಡೆಯವರು. ಇ. ಕೋಲಿ ಬ್ಯಾಕ್ಟೀರಿಯದ ಬೆಳವಣಿಗೆಯನ್ನು ಯಾವ ಅಣು ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ಸುಮಾರು 2,300 ಅಣುಗಳ ಮೇಲೆ ಅವರ ತಂಡವೇ ಪರೀಕ್ಷಿಸಿ, ಆ ದತ್ತಾಂಶದಿಂದಲೇ ಮಾದರಿಗೆ ಕಲಿಸಿತು. ಆಮೇಲೆ ಸುಮಾರು 6,000 ಅಣುಗಳ ಸಂಗ್ರಹವೊಂದರಲ್ಲಿ ಹುಡುಕಿದಾಗ, ಹಿಂದೆ ಮಧುಮೇಹಕ್ಕೆಂದು ಅಧ್ಯಯನಗೊಂಡಿದ್ದ ಅಣುವೊಂದು ಸಿಕ್ಕಿತು. ಪ್ರಶ್ನೆ ಚಿಕ್ಕದು, ದತ್ತಾಂಶ ತಮ್ಮದೇ, ಉತ್ತರವನ್ನು ಬೇಗನೆ ಪರೀಕ್ಷಿಸಲು ಪ್ರಯೋಗಾಲಯ ಕೈಗೆಟಕುವಂತಿತ್ತು. ಹೊಸ ತಂಡಗಳು ಅನುಸರಿಸಬೇಕಾದದ್ದು ಈ ಅಳತೆಯನ್ನು.

ಮಾದರಿ ಕಟ್ಟುವವರಿಗೆ ಕೇಳಬೇಕಾದ ಪ್ರಶ್ನೆ

ನಿಮ್ಮ ದತ್ತಾಂಶವನ್ನು ಕಲಿಕೆಗೆ ಎಷ್ಟು, ಪರೀಕ್ಷೆಗೆ ಎಷ್ಟು ಎಂದು ಹೇಗೆ ವಿಂಗಡಿಸಿದಿರಿ? ಈ ಒಂದು ಪ್ರಶ್ನೆ ಸಂದರ್ಶನದ ಅರ್ಧ ಕೆಲಸವನ್ನು ಮುಗಿಸುತ್ತದೆ. ಔಷಧದ ಅಣುಗಳು ಕುಟುಂಬ ಕುಟುಂಬವಾಗಿ ಇರುತ್ತವೆ: ಒಂದೇ ಮೂಲ ಚೌಕಟ್ಟು, ಅಂಚಿನಲ್ಲಿ ಸಣ್ಣಪುಟ್ಟ ಬದಲಾವಣೆ. ಚೀಟಿ ಎತ್ತಿದಂತೆ ವಿಂಗಡಿಸಿದರೆ ಅಣ್ಣ ಕಲಿಕೆಯ ಕಡೆ, ತಮ್ಮ ಪರೀಕ್ಷೆಯ ಕಡೆ ಬೀಳುತ್ತಾನೆ, ಮಾದರಿ ಅಣ್ಣನ ಮುಖ ನೋಡಿ ತಮ್ಮನನ್ನು ಗುರುತಿಸಿ ಹೆಚ್ಚು ಅಂಕ ಪಡೆಯುತ್ತದೆ. ನಾನು ಹಿಂದೆ ಜೊತೆಗೂಡಿದ್ದ ತಂಡವೊಂದರಲ್ಲಿ ಇದೇ ಆಯಿತು. ಗೋಡೆಯ ಮೇಲಿನ ನಕ್ಷೆ ಎಲ್ಲರನ್ನೂ ಹಿಗ್ಗಿಸುವಂತಿತ್ತು, ಹೊಸ ಚೌಕಟ್ಟಿನ ಅಣುಗಳನ್ನು ತಯಾರಿಸಿ ನೋಡಿದಾಗ ಮುನ್ಸೂಚನೆ ಕುರುಡು ಊಹೆಗಿಂತ ಮೇಲಿರಲಿಲ್ಲ. ನಾವೆಲ್ಲರೂ ಆ ನಕ್ಷೆಯನ್ನು ತಿಂಗಳುಗಟ್ಟಲೆ ನೋಡಿದ್ದೆವು, ವಿಂಗಡಣೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಚೌಕಟ್ಟುಗಳ ಪ್ರಕಾರವೋ, ಅಣು ತಯಾರಾದ ಕಾಲಕ್ರಮದ ಪ್ರಕಾರವೋ ವಿಂಗಡಿಸಿದ್ದೇನೆ ಎಂದು, ಕೇಳುವ ಮೊದಲೇ ಹೇಳುವ ಅಭ್ಯರ್ಥಿ ಸಿಕ್ಕರೆ ಬಿಡಬೇಡಿ.

ಸಾರ್ವಜನಿಕ ದತ್ತಾಂಶದ ಬಗೆಗಿನ ಅವರ ಎಚ್ಚರವನ್ನೂ ಪರೀಕ್ಷಿಸಿ. ಅಣುಗಳ ಪರೀಕ್ಷಾ ಫಲಿತಾಂಶಗಳನ್ನು ಕೂಡಿಟ್ಟ ಕೆಂಬಲ್‌ನಂಥ ಭಂಡಾರದಲ್ಲಿ ಒಂದೇ ಅಣುವಿಗೆ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ವಿಧಾನದಿಂದ ಪಡೆದ ಅಳತೆಗಳಿರುತ್ತವೆ, ಅವನ್ನು ಕಣ್ಣುಮುಚ್ಚಿ ಒಂದೇ ಬುಟ್ಟಿಗೆ ಹಾಕುವುದು ತಪ್ಪು. ಆಲ್ಫಾಫೋಲ್ಡ್ ಬಂದಿದೆ, ಇನ್ನೇನು ಕಷ್ಟ ಎನ್ನುವವರ ಬಗ್ಗೆಯೂ ಜಾಗರೂಕರಾಗಿರಿ. ಪ್ರೋಟೀನಿನ ಆಕಾರವನ್ನು ಊಹಿಸುವ ಆ ಸಾಧನೆಗಾಗಿ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಹೊಸ ಪ್ರೋಟೀನ್‌ಗಳ ವಿನ್ಯಾಸಕ್ಕಾಗಿ ಡೇವಿಡ್ ಬೇಕರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಸಂದಿತು, ಅದು ಅರ್ಹವಾದ ಗೌರವ. ಆದರೆ ಆ ಮಾದರಿಯ ಹಿಂದೆ 1971ರಿಂದ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಪ್ರಯೋಗಶೀಲರು ಒಂದೊಂದಾಗಿ ಕೂಡಿಟ್ಟ ಲಕ್ಷಕ್ಕೂ ಮೀರಿದ ರಚನೆಗಳಿದ್ದವು. ಯಕೃತ್ತಿಗೆ ಯಾವ ಅಣು ವಿಷವಾಗುತ್ತದೆ ಎಂಬಂಥ ಪ್ರಶ್ನೆಗೆ ಅಷ್ಟು ಶುದ್ಧವಾದ ಸಾರ್ವಜನಿಕ ಭಂಡಾರ ಇಲ್ಲ.

ತಟ್ಟೆಯ ಅಂಚನ್ನು ನೋಡುವವರು

ಆ ಕೊರತೆಯನ್ನು ತುಂಬುವುದು ನಿಮ್ಮದೇ ಪ್ರಯೋಗಾಲಯ. ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕಿಯಾಗಿದ್ದ ಡಾಫ್ನಿ ಕೊಲರ್ 2018ರಲ್ಲಿ ಇನ್‌ಸಿಟ್ರೊ ಎಂಬ ಔಷಧ ಹುಡುಕುವ ಸಂಸ್ಥೆಯನ್ನು ಸ್ಥಾಪಿಸಿದಾಗ, ಯಂತ್ರಕಲಿಕೆಗೆ ತಕ್ಕ ದತ್ತಾಂಶವನ್ನು ತಾವೇ ಹುಟ್ಟಿಸಬೇಕೆಂದು ಜೀವಕೋಶಗಳ ಪ್ರಯೋಗಾಲಯವನ್ನು ಸಂಸ್ಥೆಯ ನಡುಮನೆಯಲ್ಲೇ ಕಟ್ಟಿದರು. ಮಾದರಿಗಳಲ್ಲಿ ಜೀವನ ಸವೆಸಿದವರೇ ಪ್ರಯೋಗಾಲಯಕ್ಕೆ ಇಷ್ಟು ಬೆಲೆ ಕೊಟ್ಟಿರುವುದು ಗಮನಿಸಬೇಕಾದ ಸಂಗತಿ.

ಪ್ರಯೋಗಾಲಯದ ಕೈಗಳು ಏಕೆ ಮುಖ್ಯ ಎಂಬುದಕ್ಕೆ 384 ಗುಳಿಗಳ ಪ್ಲಾಸ್ಟಿಕ್ ತಟ್ಟೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಬೆಚ್ಚಗಿನ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇಟ್ಟಾಗ ಅಂಚಿನ ಗುಳಿಗಳಿಂದ ನೀರು ಹೆಚ್ಚು ಆವಿಯಾಗುತ್ತದೆ, ಉಳಿದ ದ್ರವದಲ್ಲಿ ಉಪ್ಪಿನಂಶ ಏರುತ್ತದೆ, ಅಲ್ಲಿನ ಕೋಶಗಳು ಔಷಧವೇ ಇಲ್ಲದೆ ಸೊರಗುತ್ತವೆ. ಹೋಲಿಕೆಗೆಂದು ಔಷಧ ಹಾಕದೆ ಇಟ್ಟ ಗುಳಿಗಳೆಲ್ಲ ಅಂಚಿನ ಸಾಲಿನಲ್ಲೇ ಇದ್ದರೆ, ಮಾದರಿ ಕಲಿಯುವುದು ಔಷಧದ ಗುಣವನ್ನಲ್ಲ, ಗುಳಿಯ ವಿಳಾಸವನ್ನು. ಇದನ್ನು ಮೊದಲು ಗುರುತಿಸುವುದು ದಿನವೂ ತಟ್ಟೆ ಹಿಡಿಯುವ ತಂತ್ರಜ್ಞರು. ಜೀವಕೋಶಗಳ ಚಿತ್ರಗಳ ಮೇಲೆಯೇ ಕಟ್ಟಿಕೊಂಡ, 2013ರಲ್ಲಿ ಆರಂಭವಾದ ರಿಕರ್ಷನ್ ಸಂಸ್ಥೆಯು ಒಂದು ದಿನದ ಪ್ರಯೋಗಕ್ಕೂ ಇನ್ನೊಂದು ದಿನದ ಪ್ರಯೋಗಕ್ಕೂ ನಡುವೆ ನುಸುಳುವ ಇಂಥ ವ್ಯತ್ಯಾಸಗಳನ್ನು ಅಧ್ಯಯನ ಮಾಡಲೆಂದೇ 2019ರಲ್ಲಿ ದೊಡ್ಡ ಚಿತ್ರಸಂಗ್ರಹವೊಂದನ್ನು ಸಾರ್ವಜನಿಕಗೊಳಿಸಿತು. ಆದ್ದರಿಂದ ತಂತ್ರಜ್ಞರನ್ನು ವಾರದ ಸಭೆಗೆ ಕರೆಯಿರಿ, ಮಾತನಾಡಲು ಅವಕಾಶ ಕೊಡಿ, ಪ್ರಕಟಣೆಗಳಲ್ಲಿ ಹೆಸರು ಸೇರಿಸಿ. ಎರಡನೆಯ ಮಾದರಿ ತಜ್ಞರನ್ನು ತರುವ ಮೊದಲು, ಸೋತ ಪ್ರಯೋಗಗಳನ್ನೂ ಸೇರಿಸಿ ಪ್ರತಿ ಫಲಿತಾಂಶವನ್ನು ದಿನಾಂಕ, ತಟ್ಟೆ, ಕೋಶಗಳು ಯಾವ ಕಂತಿನವು ಎಂಬುದು, ಮಾಡಿದವರ ಹೆಸರಿನೊಂದಿಗೆ ದಾಖಲಿಸುವ ದತ್ತಾಂಶ ಎಂಜಿನಿಯರ್ ಒಬ್ಬರನ್ನು ತನ್ನಿ.

ತಡವಾಗಿ ಬರುವವರು, ಬೇಗ ಬೇಕಾದವರು

ದೇಹವು ಔಷಧವನ್ನು ಹೇಗೆ ಹೀರಿ, ಹಂಚಿ, ಒಡೆದು, ಹೊರಹಾಕುತ್ತದೆ ಎಂಬುದನ್ನು ಬಲ್ಲವರು, ವಿಷಶಾಸ್ತ್ರಜ್ಞರು, ಕ್ಲಿನಿಕಲ್ ಪ್ರಯೋಗ ರೂಪಿಸುವ ವೈದ್ಯರು, ನಿಯಂತ್ರಣ ಸಂಸ್ಥೆಗಳ ಕಡತಗಳನ್ನು ಬಲ್ಲವರು ಆರಂಭದಲ್ಲಿ ಪೂರ್ಣಾವಧಿಗೆ ಬೇಕಿಲ್ಲ. ತಿಂಗಳಿಗೆ ಒಂದೆರಡು ದಿನ ನಿಜವಾಗಿ ಕುಳಿತು ದತ್ತಾಂಶ ನೋಡುವ ಸಲಹೆಗಾರರು ಸಾಕು. ಹೆಸರನ್ನಷ್ಟೇ ಕೊಡುವ ದೊಡ್ಡವರಿಗಿಂತ ಸಮಯ ಕೊಡುವವರು ಮೇಲು.

ಇನ್ನೊಂದು ಹೊಣೆಯನ್ನು ಮೊದಲ ದಿನವೇ ಒಬ್ಬರ ಹೆಸರಿಗೆ ಬರೆದಿಡಿ. 2022ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ವಿಷವನ್ನು ದೂರವಿಡಲೆಂದು ಕಟ್ಟಿದ್ದ ಮಾದರಿಯನ್ನು ಸಂಶೋಧಕರು ತಿರುಗಿಸಿ ವಿಷವನ್ನೇ ಹುಡುಕಲು ಹೇಳಿದಾಗ, ಆರು ಗಂಟೆಯೊಳಗೆ ಅದು 40,000 ಅಣುಗಳನ್ನು ಸೂಚಿಸಿತು, ಅವುಗಳಲ್ಲಿ ವಿಎಕ್ಸ್ ಎಂಬ ನರವಿಷವೂ ಇತ್ತು. ನಿಮ್ಮ ಮಾದರಿಯನ್ನು ಯಾರು ಬಳಸಬಹುದು, ಯಾವ ಅಣುವನ್ನು ಯಾರ ಸಹಿಯಿಲ್ಲದೆ ತಯಾರಿಸಬಾರದು ಎಂಬುದನ್ನು ಗೊತ್ತುಮಾಡುವ ಅಧಿಕಾರ ಅವರಿಗಿರಲಿ.

ನಿಲ್ಲಿಸುವ ಅಧಿಕಾರವೂ ಲಿಖಿತವಾಗಿರಬೇಕು. 2020ರಲ್ಲಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಹೋಗಿ ಸುದ್ದಿಯಾದ ಎಕ್ಸ್‌ಸೈಂಟಿಯಾ ಸಂಸ್ಥೆಯ ಡಿಎಸ್‌ಪಿ-1181 ಎಂಬ, ಯಂತ್ರದ ನೆರವಿನಿಂದ ರೂಪಿಸಿದ ಔಷಧ ಮೊದಲ ಹಂತದ ನಂತರ ಮುಂದುವರಿಯಲಿಲ್ಲ. ಇನ್‌ಸಿಲಿಕೊ ಮೆಡಿಸಿನ್ ಸಂಸ್ಥೆಯ ರೆಂಟೊಸರ್ಟಿಬ್ ಎಂಬ ಔಷಧ, ಶ್ವಾಸಕೋಶ ಗಡುಸಾಗುವ ರೋಗವಿದ್ದ 71 ಜನರ ಪ್ರಯೋಗದಲ್ಲಿ ಭರವಸೆ ಮೂಡಿಸಿತು ಎಂಬ ಫಲಿತಾಂಶ 2025ರಲ್ಲಿ ಪ್ರಕಟವಾಯಿತು, ಇನ್ನೂ ದೊಡ್ಡ ಪ್ರಯೋಗಗಳ ಅಗತ್ಯ ಅದಕ್ಕಿದೆ. ಎರಡು ದಾರಿಗೂ ತಂಡ ಸಿದ್ಧವಾಗಿರಬೇಕಾದರೆ, ಯಾವ ಫಲಿತಾಂಶ ಬಂದರೆ ಯೋಜನೆ ಮುಚ್ಚುತ್ತೇವೆ ಎಂಬುದನ್ನು ಪ್ರಯೋಗಕ್ಕೆ ಮುಂಚೆಯೇ ಬರೆದು, ಜೀವವಿಜ್ಞಾನಿ, ರಸಾಯನಜ್ಞರು ಮತ್ತು ಮಾದರಿ ತಜ್ಞರು ಮೂವರೂ ಸಹಿ ಹಾಕಬೇಕು. ಸಂಸ್ಥೆಯ ಒಡೆತನದಲ್ಲಿ ಈ ಮೂವರ ಪಾಲೂ ಸರಿಸಮವಾಗಿರಲಿ. ಒಬ್ಬರ ಪಾಲು ತೀರ ಹೆಚ್ಚಿದ್ದರೆ ಅವರ ವಿರುದ್ಧ ಗೀಟು ಎಳೆಯಲು ಉಳಿದವರ ಕೈ ಏಳುವುದಿಲ್ಲ.

ಕೊನೆಯದಾಗಿ, ಜನ ಕೂಡಿದ ಮೊದಲ ತಿಂಗಳಲ್ಲೇ ಮಾಡಬಹುದಾದ ಒಂದು ಅಭ್ಯಾಸವಿದೆ. ಹಿಂದೆಂದೋ ಪ್ರಕಟವಾದ, ಫಲಿತಾಂಶ ಪೂರ್ತಿ ತಿಳಿದಿರುವ ಔಷಧ ಯೋಜನೆಯೊಂದನ್ನು ಆರಿಸಿ, ಅದರ ಉತ್ತರಾರ್ಧವನ್ನು ಮುಚ್ಚಿಡಿ. ಪೂರ್ವಾರ್ಧದ ದತ್ತಾಂಶ ಕೊಟ್ಟು, ಮುಂದೆ ಯಾವ ಅಣುಗಳನ್ನು ತಯಾರಿಸುತ್ತೀರಿ ಎಂದು ತಂಡವನ್ನು ಕೇಳಿ. ಪ್ರತಿ ಅಣುವಿನ ಪಕ್ಕದಲ್ಲಿ ಸೂಚಿಸಿದವರ ಹೆಸರು, ಕಾರಣ, ಎಷ್ಟು ಖಾತ್ರಿ ಎಂಬುದನ್ನು ಬರೆಸಿ ಲಕೋಟೆಯಲ್ಲಿಡಿ. ಆಮೇಲೆ ಉತ್ತರಾರ್ಧವನ್ನು ತೆರೆದು ಎಲ್ಲರೂ ಒಟ್ಟಿಗೆ ಓದಿ. ಯಾರ ಊಹೆ ಸರಿಯಾಯಿತು ಎಂಬುದಕ್ಕಿಂತ, ತಪ್ಪಾದವರು ಮುಂದಿನ ಪ್ರಶ್ನೆಯನ್ನು ಯಾರ ಕಡೆ ತಿರುಗಿ ಕೇಳಿದರು ಎಂಬುದನ್ನು ನೋಡಿಕೊಳ್ಳಿ.