ಎರಡನೇ ಆರ್ಡರ್ ಬರಬೇಕಾ? ಹೀಗೆ ಮಾಡಿ ನೋಡಿ

ಮೊದಲ ಆರ್ಡರ್ ತರಿಸುವುದು ಕಷ್ಟವೇನಲ್ಲ. ಒಂದು ಕೂಪನ್ ಬಿಟ್ಟರೆ ಯಾರಾದರೂ ಕೊಳ್ಳುತ್ತಾರೆ. ಅವರೇ ಇನ್ನೊಂದು ಸಲ ಬರಬೇಕಲ್ವಾ, ಅಲ್ಲೇ ಇರುವುದು ಪೇಚಾಟ. ಡಿಸ್ಕೌಂಟ್ ನೋಡಿ ಬಂದವರು ಹತ್ತು ರೂಪಾಯಿ ಕಡಿಮೆ ಸಿಕ್ಕಿದರೆ ಬೇರೆ ಕಡೆ ಹೋಗುತ್ತಾರೆ. ಎಡವಟ್ಟಾದಾಗ ತಕರಾರಿಲ್ಲದೆ ಸರಿಮಾಡಿಕೊಟ್ಟವರನ್ನು ಮಾತ್ರ ಬಿಡುವುದಿಲ್ಲ. ಮನೆಯಿಂದ ಇಳಕಲ್ ಸೀರೆ ಮಾರುತ್ತಾ ನಾನು ಪೆಟ್ಟು ತಿಂದೇ ಇದನ್ನು ಕಲಿತೆ.

ಮೊದಲು ಫೋಟೊ. ಟ್ಯೂಬ್‌ಲೈಟ್ ಕೆಳಗೆ ತೆಗೆಯಬೇಡಿ, ಫಿಲ್ಟರ್ ಹಾಕಲೇಬೇಡಿ. ಬೆಳಿಗ್ಗೆ ಕಿಟಕಿ ಪಕ್ಕ ಸೀರೆ ಹರಡಿ, ಅಂಚು, ಸೆರಗಿನ ತೆನೆ, ಒಳಮೈ ಮೂರನ್ನೂ ಹತ್ತಿರದಿಂದ ತೆಗೆಯಿರಿ. ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕೋ (ಅಂದರೆ ಕೃತಕ ರೇಷ್ಮೆ), ಬ್ಲೌಸ್ ಪೀಸ್ ಇದೆಯೋ ಇಲ್ಲವೋ, ಎಷ್ಟು ಮೀಟರ್, ಎಲ್ಲ ಬರೆಯಿರಿ.

ಆಮೇಲೆ ತಾರೀಕು. ನಾಲ್ಕು ದಿನ ಬೇಕಾದರೆ ಆರು ದಿನ ಅಂತ ಹೇಳಿ. ಬೇಗ ತಲುಪಿದರೆ ಯಾರೂ ಬೈಯುವುದಿಲ್ಲ.

ಈಗ ವಾಪಸ್ ಮಾಡುವ ವಿಷಯ. ಒಂದು ದಸರಾದಲ್ಲಿ ಒಬ್ಬರು "ಮೇಡಂ, ದಾಳಿಂಬೆ ಕೆಂಪು ಕೇಳಿದ್ದೆ, ಇಟ್ಟಿಗೆ ಬಣ್ಣ ಬಂದಿದೆ" ಅಂತ ಮೆಸೇಜ್ ಹಾಕಿದರು. ನಾನು ಸುಮ್ನೆ ಒಪ್ಪಿಕೊಳ್ಳುವುದು ಬಿಟ್ಟು, "ಮೊಬೈಲ್ ಸ್ಕ್ರೀನಿನಲ್ಲಿ ಹಾಗೇ ಕಾಣುತ್ತೆ ಮೇಡಂ" ಅಂದೆ, ಪಾರ್ಸೆಲ್ ಬಿಚ್ಚಿದ ವೀಡಿಯೊ ಕೇಳಿದೆ, ಕೊನೆಗೆ ಒಂಬತ್ತು ದಿನ ಎಳೆದು ದುಡ್ಡು ಕೊಟ್ಟೆ. ದುಡ್ಡೂ ಹೋಯಿತು, ಗಿರಾಕಿಯೂ ಹೋದರು. ಈಗ ವಾಪಸ್ ಕಳಿಸಿದ ಸೀರೆ ಕೊರಿಯರ್‌ನವರ ಕೈ ಸೇರಿದ ದಿನವೇ ದುಡ್ಡು ಹಾಕಿಬಿಡುತ್ತೇನೆ. ಅಪರೂಪಕ್ಕೊಬ್ಬರು ಮೋಸ ಮಾಡುತ್ತಾರೆ, ಅದನ್ನು ಖರ್ಚಿಗೆ ಬರೆದುಕೊಳ್ಳಿ.

ದೊಡ್ಡವರ ಕಥೆಯೂ ಇದೇ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2007ರಲ್ಲಿ ಪುಸ್ತಕ ಮಾರುತ್ತಾ ಶುರುವಾಗಿ, 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಿತು. ಕಾಣದ ಅಂಗಡಿಗೆ ಮೊದಲೇ ದುಡ್ಡು ಕೊಡಲು ಹೆದರುತ್ತಿದ್ದವರಿಗೆ, ವಸ್ತು ಬಾಗಿಲಿಗೆ ಬಂದ ಮೇಲೆ ಕೊಟ್ಟರಾಯಿತು ಅನ್ನುವುದೇ ದೊಡ್ಡ ಧೈರ್ಯ. 2014ರ ಅಕ್ಟೋಬರ್ 6ರಂದು ಬಿಗ್ ಬಿಲಿಯನ್ ಡೇ ಮಾರಾಟದಲ್ಲಿ ಸೈಟ್ ಕೈಕೊಟ್ಟು, ಆರ್ಡರ್‌ಗಳು ರದ್ದಾಗಿ, ಜನ ಸಿಕ್ಕಾಪಟ್ಟೆ ಬೈದರು. ಸ್ಥಾಪಕರು ಮರುದಿನವೇ ಗಿರಾಕಿಗಳಿಗೆ ಮೇಲ್ ಬರೆದು ಕ್ಷಮೆ ಕೇಳಿದರು. ಮುಂದಿನ ವರ್ಷ ಒಂದೇ ದಿನದ ಬದಲು ಐದು ದಿನ ಮಾರಾಟ ಇಟ್ಟರು.

"ಎರಡೇ ಪೀಸ್ ಉಳಿದಿವೆ" ಅಂತ ಸುಳ್ಳು ಹೇಳುವ ಚಾಳಿ ಇದ್ದರೆ ಬಿಡಿ. ಇಂಥ 13 ಬಗೆಯ ಕಣ್ಕಟ್ಟುಗಳನ್ನು ಡಾರ್ಕ್ ಪ್ಯಾಟರ್ನ್ ಅಂತ ಹೆಸರಿಸಿ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಕಾನೂನು ಹಾಗಿರಲಿ, ಮುಂದಿನ ವಾರವೂ ಅದೇ ಎರಡು ಪೀಸ್ ಉಳಿದಿದ್ದರೆ ಗಿರಾಕಿಗೆ ಗೊತ್ತಾಗುವುದಿಲ್ವಾ?

ಇನ್ನೊಂದು, ಒಂದು ನೋಟ್‌ಬುಕ್ ಇಡಿ. ಯಾರು ಯಾವ ಅಂಚು ಕೊಂಡರು, ಯಾಕೆ ಕೊಂಡರು ಅಂತ ಬರೆದಿಡಿ. ಮಗಳ ಸೀಮಂತಕ್ಕೆ ಹಸಿರು ಸೀರೆ ಕೊಂಡವರಿಗೆ ಗೌರಿ ಹಬ್ಬಕ್ಕೆ ಹದಿನೈದು ದಿನ ಇರುವಾಗ ಹೊಸ ಮಾಲಿನ ಎರಡೇ ಫೋಟೊ ಕಳಿಸಿ, ಸಾಕು. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಗುಡ್ ಮಾರ್ನಿಂಗ್ ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ನಾನೇ ಮೂರು ಅಂಗಡಿಯವರನ್ನು ಮಾಡಿದ್ದೇನೆ.