ಓಂ ಬೀಚಿನ ಬಂಡೆ ಮೇಲೆ ನನ್ನ ಅಕಶೇರುಕ ಪಾಠ

ನಾನು ಉತ್ತರ ಕನ್ನಡದ ಕರಾವಳೀಲಿ ಹೈಸ್ಕೂಲ್ ವಿಜ್ಞಾನ ಟೀಚರ್. ತವರು ಘಟ್ಟದ ಮೇಲೆ, ಶಿರಸಿ ಕಡೆ. ಹಂಗಾಗಿ ಇಂಬಳ, ಎರೆಹುಳ, ಚಕ್ಕುಲಿ ತರ ಸುತ್ಕೊಳ್ಳೋ ಸಾವಿರಕಾಲಿನ ಹುಳ ಎಲ್ಲಾ ಚಿಕ್ಕಂದಿನಿಂದ ಗೊತ್ತು, ಸಮುದ್ರದ್ದು ಮಾತ್ರ ನಂಗೂ ಪುಸ್ತಕದ ಚಿತ್ರಾನೇ. ಬೆನ್ನುಮೂಳೆ ಇಲ್ಲದ ಪ್ರಾಣಿಗಳ ಪಾಠ ಬಂತು ಅಂದ್ರೆ ಪೊರಿಫೆರಾ, ಸೀಲೆಂಟರೇಟಾ, ಪ್ಲಾಟಿಹೆಲ್ಮಿಂಥಿಸ್ ಅಂತ ಬೋರ್ಡ್ ತುಂಬ ಬರೆದು ಬಾಯಿಪಾಠ ಮಾಡಿಸ್ತಿದ್ದೆ. ಮಾರ್ಕ್ಸ್ ಬರ್ತಿತ್ತು. ಆದ್ರೆ ದಿನಾ ಮನೇಲಿ ಏಡಿ ಸಾರು ಉಣ್ಣೋ ಹುಡುಗಿ ಏಡೀನ ಮೃದ್ವಂಗಿ (ಬಸವನಹುಳದ ತರ ಮೆತ್ತನೆ ಮೈ ಪ್ರಾಣಿ) ಅಂದ್ಲು, ಯಾಕೆ ಅಂದ್ರೆ "ಚಿಪ್ಪು ಇದ್ಯಲ್ಲ ಅಕ್ಕೋರೆ" ಅಂತ.

ಅವತ್ತೇ ಪಟ್ಟಿ ಕೈಬಿಟ್ಟೆ. ಬದಲಿಗೆ ಯಾವ ಪ್ರಾಣಿ ಸಿಕ್ಕಿದ್ರೂ ಕೇಳೋಕೆ ಮೂರೇ ಪ್ರಶ್ನೆ ಕೊಟ್ಟೆ: ಮೈ ಉಂಗುರ ಉಂಗುರವಾಗಿದ್ಯಾ, ಕಾಲಿಗೆ ಕೀಲು ಇದ್ಯಾ, ಗಟ್ಟಿ ಭಾಗ ಹೆಂಗೆ ಬೆಳೆಯತ್ತೆ. ಮೂರನೇದು ನಂದೇ ಐಡಿಯಾ ಅಂತ ಒಳಗೊಳಗೇ ಜಂಬ ಇತ್ತು. ಏಡಿ ದೊಡ್ಡದಾಗ್ಬೇಕು ಅಂದ್ರೆ ಹಳೇ ಕವಚ ಕಳಚಿ ಎಸೀಲೇಬೇಕು, ಬಳಚು, ಅಂದ್ರೆ ಎರಡು ಚಿಪ್ಪಿನೊಳಗೆ ಇರೋ ಸಮುದ್ರದ ಪ್ರಾಣಿ, ಹಂಗಲ್ಲ, ಅಂಚಿಗೆ ಸುಣ್ಣ ಸೇರಿಸ್ತಾ ಹೋಗತ್ತೆ, ಅದಕ್ಕೇ ಬಳಚಿನ ಚಿಪ್ಪಿನ ಮೇಲೆ ಗೆರೆ ಕಾಣ್ಸೋದು. ಏಡಿಯಂಥ ಕೀಲುಕಾಲಿನ ಸಂಧಿಪದಿಗೂ ಬಳಚಿನಂಥ ಮೃದ್ವಂಗಿಗೂ ಇಷ್ಟೇ ವ್ಯತ್ಯಾಸ ಅಂತ ಹೇಳ್ಬಿಟ್ಟೆ.

ಎರೆಹುಳ ಸುಲಭ ಆಯ್ತು, ಶಾಲೆ ಹಿಂದಿನ ಗೊಬ್ಬರದ ಗುಂಡೀಲೇ ಸಿಕ್ತು. ಬಾಲದಿಂದ ತಲೆ ಕಡೆಗೆ ಮೆಲ್ಲಗೆ ಬೆರಳು ಎಳೆದ್ರೆ ತರಿತರಿ ಅನ್ಸತ್ತೆ, ಒಂದೊಂದು ಉಂಗುರದಲ್ಲೂ ಸಣ್ಣ ಬಿರುಗೂದಲು ಇರತ್ತೆ, ಅದನ್ನ ಮಣ್ಣಿಗೆ ಊರ್ಕೊಂಡೇ ಅದು ಮುಂದೆ ಹೋಗೋದು. ಇಂಬಳಾನೂ ಅದೇ ಬಳಗ, ಆದ್ರೆ ಕೂದಲಿಲ್ಲ, ಎರಡೂ ತುದೀಲಿ ಹೀರುಬಟ್ಟಲು. ಲಾಡಿಹುಳ ಜಂತುಹುಳ ಎರಡನ್ನೂ ಫೆಬ್ರವರಿಲಿ ಅಲ್ಬೆಂಡಜೋಲ್ ಮಾತ್ರೆ ನುಂಗಿಸೋ ದಿನಾನೇ ಮುಗಿಸಿದೆ: ಲಾಡಿಹುಳ ಚಪ್ಪಟೆ, ಅದಕ್ಕೆ ಬಾಯೂ ಇಲ್ಲ ಕರುಳೂ ಇಲ್ಲ, ಚರ್ಮದಿಂದಾನೇ ನಮ್ಮ ಊಟ ಹೀರತ್ತೆ, ಜಂತುಹುಳ ಗುಂಡಗೆ, ಒಂದು ತುದೀಲಿ ಬಾಯಿ, ಇನ್ನೊಂದು ತುದಿ ಹತ್ರ ಗುದ.

ಬೊಂಡಾಸ್ (ಸ್ಕ್ವಿಡ್) ತರೋಕೆ ಮೀನು ಮಾರ್ಕೆಟ್ಟಿಗೆ ಹೋದ್ರೆ ಅಲ್ಲಿನ ಅಮ್ಮ "ನೀವು ತಿನ್ನೋರಲ್ವಲ್ಲ ಅಕ್ಕೋರೆ, ಯಾರಿಗೆ ಇದು?" ಅಂತ ನಗಾಡಿದ್ರು. ಪಾಠಕ್ಕೆ ಅಂದಿದ್ದಕ್ಕೆ ಅವರೇ ಅದರ ಮೈಯೊಳಗಿಂದ ಪ್ಲಾಸ್ಟಿಕ್ ತರದ ಪಾರದರ್ಶಕ ಕಡ್ಡಿ ಒಂದನ್ನ ಸರ್ ಅಂತ ಎಳೆದು ತೋರಿಸಿದ್ರು, ಬಸವನಹುಳದ ಚಿಪ್ಪಿನ ವಂಶದ್ದೇ ಅದು, ಒಳಗೆ ಸೇರ್ಕೊಂಡು ಸವೆದು ಹೋಗಿದೆ ಅಷ್ಟೇ. ನಾನು ಅರ್ಧ ಗಂಟೆ ವಿವರಿಸೋದನ್ನ ಅವರು ಎರಡು ಸೆಕೆಂಡಲ್ಲಿ ಮಾಡಿದ್ರು.

ಆಮೇಲೆ ಗೋಕರ್ಣದ ಓಂ ಬೀಚ್. ಅಮಾಸೆ ಹುಣ್ಣಿಮೆ ಆಸುಪಾಸು ಇಳಿತದಲ್ಲಿ ನೀರು ಜಾಸ್ತಿ ಹಿಂದೆ ಸರಿಯತ್ತೆ, ಲೆಕ್ಕ ಹಾಕಿ ಅಮಾಸೆ ಮಾರನೇ ದಿನ ಹೊರಟ್ವಿ. ಏನನ್ನೂ ಕಿತ್ಕೊಂಡು ಬರೋ ಹಾಗಿಲ್ಲ ಅಂತ ಮೊದಲೇ ಕಟ್ಟುನಿಟ್ಟಾಗಿ ಹೇಳಿದ್ದೆ. ಬಂಡೆ ಸಂದಿನ ನೀರಲ್ಲಿ ಒಂದು ಸಮುದ್ರ ಹೂವು ಕಾಣ್ತು, ಹೆಸರು ಹೂವಾದ್ರೂ ಅದು ಪ್ರಾಣಿ, ಬೇಟೆಯನ್ನ ಚುಚ್ಚೋ ಕುಟುಕು ಕಣ ಅನ್ನೋ ಮಾತಿಗೆ ಅಷ್ಟು ಸಾಕಾಯ್ತು. ಸ್ಪಂಜು, ನಕ್ಷತ್ರ ಮೀನು ಸಿಗಲೇ ಇಲ್ಲ.

ಬಂಡೆ ತುಂಬ ಇದ್ದಿದ್ದು ಬಾರ್ನಕಲ್. ಬರಿಗಾಲಲ್ಲಿ ತುಳಿದ್ರೆ ಕಾಲು ಕೊಯ್ಯತ್ತಲ್ಲ, ಪುಟ್ಟ ಜ್ವಾಲಾಮುಖಿ ತರ ಬಿಳೀ ಚಿಪ್ಪು, ಅದು. ನನ್ನ ಪ್ರಶ್ನೆ ಪ್ರಕಾರ ಮಕ್ಕಳು ನೋಡಿದ್ರು: ಚಿಪ್ಪು ಕಳಚಲ್ಲ, ಅಂಚಲ್ಲಿ ಬೆಳೆಯತ್ತೆ, ಅಂದ್ಮೇಲೆ ಮೃದ್ವಂಗಿ. ನಾನೂ ಹೌದು ಅಂದೆ! ಅಷ್ಟೊತ್ತಿಗೆ ದೋಣಿ ಮನೆ ಹುಡುಗ ಒಬ್ಬ ನೀರಲ್ಲಿ ಮುಳುಗಿದ್ದ ಒಂದನ್ನೇ ಕೂತ್ಕೊಂಡು ನೋಡ್ತಿದ್ದೋನು "ಅಕ್ಕೋರೆ ಇದಕ್ಕೆ ಕಾಲಿದೆ" ಅಂತ ಕೂಗಿದ. ಬಗ್ಗಿ ನೋಡಿದ್ರೆ ಚಿಪ್ಪಿನ ಬಾಯಿಂದ ಗರಿ ತರದ ಕಾಲುಗಳು ಹೊರಗೆ ಬಂದು ನೀರನ್ನ ಬಾಚಿ ಒಳಗೆ ಹೋಗ್ತಿದ್ವು. ಕೀಲಿರೋ ಕಾಲು. ಏಡಿ, ಸಿಗಡಿ ಬಳಗದ್ದು.

ಮನೆಗೆ ಬಂದು ಓದಿದ ಮೇಲೆ ಸ್ವಲ್ಪ ಸಮಾಧಾನ ಆಯ್ತು. ಫ್ರಾನ್ಸಿನ ದೊಡ್ಡ ಪ್ರಾಣಿಶಾಸ್ತ್ರಜ್ಞ ಕ್ಯುವಿಯೇನಂಥ ಕ್ಯುವಿಯೇನೇ ಬಾರ್ನಕಲ್ಲನ್ನ ಮೃದ್ವಂಗಿ ಜತೆ ಸೇರಿಸಿದ್ರಂತೆ. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಅನ್ನೋರು ಈಜಾಡೋ ಮರಿಗಳನ್ನ ನೋಡಿ ಇದು ಸಿಗಡಿ ಬಳಗ ಅಂತ ತೋರಿಸಿದ್ದು, ಡಾರ್ವಿನ್ ಅಂತೂ 1846ರಿಂದ 1854ರ ತನಕ ಎಂಟು ವರ್ಷ ಇದರ ಹಿಂದೇನೇ ಇದ್ರು. ಮರಿ ಈಜಾಡಿ ಜಾಗ ಹುಡುಕಿ, ತಲೆ ಕೆಳಗೆ ಮಾಡಿ ಅಂಟ್ಕೊಂಡು, ಜೀವನಪೂರ್ತಿ ಕಾಲಲ್ಲೇ ಊಟ ಬಾಚೋ ಪ್ರಾಣಿ. ಹೊರಗಿನ ಸುಣ್ಣದ ಗೋಡೆ ಉಳಿಯತ್ತೆ, ಒಳಗೆ ಕಾಲಿನ ಪೊರೆ ಮಾತ್ರ ಏಡಿ ಹಾಗೇ ಕಳಚತ್ತೆ. ಅಂದ್ರೆ ನನ್ನ ಮೂರನೇ ಪ್ರಶ್ನೆ ಪೂರ್ತಿ ತಪ್ಪಲ್ಲ, ನಾನು ಹೊರಗಡೆ ಮಾತ್ರ ನೋಡಿದ್ದೆ. ಸೋಮವಾರ ಕ್ಲಾಸಲ್ಲಿ ನಂದು ತಪ್ಪಾಯ್ತು ಅಂತ ಹೇಳ್ದೆ, ಲ್ಯಾಬಿನ ಒಣಗಿದ ನಕ್ಷತ್ರ ಮೀನು ಹಿಡ್ಕೊಂಡು ಐದು ಕೈ, ನೀರಿನ ಒತ್ತಡದಲ್ಲಿ ನಡೆಯೋ ಕೊಳವೆ ಕಾಲು, ಈ ಕಂಟಕಚರ್ಮಿಗಳು ಸಮುದ್ರ ಬಿಟ್ಟು ಹೊಳೇಲಿ ಕೆರೇಲಿ ಎಲ್ಲೂ ಇಲ್ಲ ಅಂತ ಪಾಠ ಮುಗಿಸಿದೆ.

ಮರುದಿನ ಅದೇ ಹುಡುಗ ಹಳೇ ಮರದ ದೋಣಿಯ ಒಂದು ತುಂಡು ತಂದ. ತುಂಬ ತೂತು, ತೂತಿನೊಳಗೆ ಬಿಳೀ ಸುಣ್ಣದ ಪದರ. "ದೋಣಿ ತಿನ್ನೋ ಹುಳದ್ದು ಅಕ್ಕೋರೆ, ಉದ್ದ ಇರತ್ತೆ, ಹುಳಾನೇ ಅಲ್ವಾ?" ಅಂದ. ಬೋರ್ಡಿಗೆ ಬರೆಯೋಕೆ ಚಾಕ್ ಎತ್ಕೊಂಡೋಳು ಹಂಗೇ ಕೆಳಗಿಟ್ಟೆ. ಅದರ ತಲೆ ತುದೀಲಿ ಮರ ಕೊರೆಯೋ ಎರಡು ಪುಟಾಣಿ ಚಿಪ್ಪು ಇರತ್ತೆ, ಅದು ಬಳಚಿನ ಬಳಗದ್ದು.