ಟಾಮ್‌ಗಳನ್ನು ಮಂಚದ ಕೆಳಗೆ ಸರಿಸಿದ ಮೇಲೆ

ಹುಬ್ಬಳ್ಳಿಯ ಆರ್ಕೆಸ್ಟ್ರಾ ತಂಡವೊಂದರಲ್ಲಿ ನಾನು ಡ್ರಮ್ಸ್ ನುಡಿಸತೊಡಗಿ ಆರೇಳು ವರ್ಷಗಳಾಗಿದ್ದವು. ಒಂದು ಗಣೇಶೋತ್ಸವದ ರಾತ್ರಿ, ಪಲ್ಲವಿ ಮುಗಿದು ಚರಣಕ್ಕೆ ಹೊರಳುವ ಜಾಗದಲ್ಲಿ, ನನ್ನ ಕೋಲು ಏಳುವ ಮೊದಲೇ ಕೀಬೋರ್ಡ್‌ನವರು ನನ್ನತ್ತ ತಿರುಗಿ ಬಾಯಲ್ಲೇ ‘ಡುಗುಡುಗು ಡುಗುಡುಗು ಢಂ’ ಎಂದರು. ನಾನು ಬಾರಿಸಿದ್ದೂ ಅದನ್ನೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಂದು ನಿದ್ದೆ ಬರಲಿಲ್ಲ.

ಯೂಟ್ಯೂಬ್ ನೋಡಿ ಕಲಿತ ಫಿಲ್‌ಗಳು (ಹೀಗೆ ಹೊರಳುವ ಜಾಗ ತುಂಬುವ ಪೆಟ್ಟುಗಳ ತುಣುಕುಗಳು) ನನ್ನಲ್ಲಿ ರಾಶಿ ಬಿದ್ದಿದ್ದವು. ವೇದಿಕೆ ಏರಿದರೆ ಮಾತ್ರ ಕೈ ಹಳೆಯ ಜಾಡನ್ನೇ ಹಿಡಿಯುತ್ತಿತ್ತು, ಹೊಲದಿಂದ ಬಿಟ್ಟ ಎತ್ತು ತಾನಾಗಿ ಮನೆಯ ದಾರಿ ಹಿಡಿದ ಹಾಗೆ.

ಧಾರವಾಡದಲ್ಲಿ ತಬಲಾ ಗುರುಗಳೊಬ್ಬರಿದ್ದರು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ‘ಧಾ ಧಾ ತಿಟ ಧಾ ಧಾ ತಿನ್ ನಾ’ ಎಂಬ ಕಾಯದಾ (ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಬೋಲ್‌ಗಳ ಒಂದು ನಿಗದಿತ ಸಾಲು) ಹೇಳಿಕೊಟ್ಟು, “ಹೊರಗಿನ ಬೋಲ್ ಒಂದನ್ನೂ ತರಬೇಡ ತಮ್ಮಾ. ಇದ್ದದ್ದನ್ನೇ ಹಿಂದೆಮುಂದೆ ಮಾಡಿ ಎಷ್ಟು ಪಲ್ಟಾ ಹುಟ್ಟುತ್ತವೆ ನೋಡು” ಎಂದರು.

ಮನೆಗೆ ಬಂದು ‘ಡುಗುಡುಗು’ ನುಡಿಯುವ ಟಾಮ್ ಡ್ರಮ್‌ಗಳನ್ನೆಲ್ಲ ಕಳಚಿ ಮಂಚದ ಕೆಳಗೆ ಸರಿಸಿದೆ. ಉಳಿದದ್ದು ಕಾಲಿನಿಂದ ಬಾರಿಸುವ ಬಾಸ್ ಡ್ರಮ್, ಚುರುಕು ದನಿಯ ಸ್ನೇರ್ ಡ್ರಮ್, ಜೋಡಿ ತಾಳದ ಹೈಹ್ಯಾಟ್. ‘ಧಾ’ಕ್ಕೆ ಬಾಸ್, ಸ್ನೇರ್ ಒಟ್ಟಿಗೆ, ‘ತಿಟ’ಕ್ಕೆ ಸ್ನೇರ್ ಮೇಲೆ ಎರಡು ಹಗುರ ಪೆಟ್ಟು, ‘ತಿನ್’ ಹೈಹ್ಯಾಟ್‌ಗೆ, ‘ನಾ’ ಸ್ನೇರ್‌ನ ಅಂಚಿಗೆ. ಲಯ ತೋರುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ಮೊದಲು ಬಾಯಲ್ಲಿ ಹೇಳುತ್ತಿದ್ದೆ, ಆಮೇಲೆ ಬಾರಿಸುತ್ತಿದ್ದೆ. ಬಾಯಿ ತೊದಲಿದಲ್ಲೆಲ್ಲ ಕೈಯೂ ತೊದಲುತ್ತಿತ್ತು. ಮೊದಲ ವಾರ ಬರೀ ಬೇಸರ. ಮೂರನೆಯ ವಾರದ ಒಂದು ಸಂಜೆ ‘ತಿಟ’ ತನ್ನ ಜಾಗ ಬಿಟ್ಟು ಸಾಲಿನ ತುದಿಗೆ ಹೋಗಿ ಕುಳಿತಿತ್ತು. ನಾನು ಯೋಚಿಸಿ ಇಟ್ಟದ್ದಲ್ಲ; ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡಿದ್ದರಿಂದ ಗೊತ್ತಾಯಿತು.

ಒಂದೇ ತುಣುಕನ್ನು ಮೂರು ಸಲ ನುಡಿಸಿ ಮುಗಿಸುವ ತಿಹಾಯಿಯ ಲೆಕ್ಕವೂ ಡ್ರಮ್ಸ್‌ಗೆ ಒಗ್ಗಿತು. ತೀನ್ ತಾಲದ 16 ಮಾತ್ರೆ ಎಂದರೆ ನಮಗೆ ನಾಲ್ಕು ಮಾತ್ರೆಗಳ ನಾಲ್ಕು ಬಾರ್. ಮಾತ್ರೆಗೊಂದರಂತೆ ಐದು ಪೆಟ್ಟು, ಒಂದು ಮಾತ್ರೆ ಬಿಡುವು. ಹೀಗೆ ಐದೈದು ಮೂರು ಸಲ. ಕೊನೆಯ ಪೆಟ್ಟು 17ನೆಯ ಮಾತ್ರೆಗೆ, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆಯಾದ ಸಮದ ಮೇಲೆ ನೇರ ಬೀಳುತ್ತದೆ, ಅಲ್ಲಿ ಕ್ರ್ಯಾಶ್ ಸಿಂಬಲ್. ಎಣಿಸುತ್ತ ಕುಳಿತಾಗಲೆಲ್ಲ ನಾನು ತಪ್ಪಿದ್ದೇನೆ. ಬಿಡುವಿನಲ್ಲಿ ಉಸಿರು ಎಳೆದುಕೊಳ್ಳುವುದು ರೂಢಿಯಾದ ಮೇಲೆ ತಪ್ಪಿದ್ದು ಕಡಿಮೆ.

ಉಳಿದದ್ದನ್ನು ಹೋಳಿ ಕಲಿಸಿತು. ಚಕ್ಕಡಿ ಗಾಲಿಗೆ ಚರ್ಮ ಬಿಗಿದ ಜಗ್ಗಲಗಿ ವಾದ್ಯದ ಅಬ್ಬರಕ್ಕೆ ಜನ ಸೇರುತ್ತಾರೆ, ನಾನು ಮಾತ್ರ ಓಣಿಯ ಹುಡುಗನೊಬ್ಬನ ಹಲಗಿಯನ್ನೇ ನೋಡುತ್ತ ನಿಂತಿದ್ದೆ. ಒಂದು ಕೈಯ ತೆಳು ಕಡ್ಡಿ ಒಂದೇ ಸಮನೆ ಚಿಟಗುಟ್ಟುತ್ತಿತ್ತು. ಇನ್ನೊಂದು ಕೈಯ ದಪ್ಪ ಕೋಲು ಬೇಕೆನಿಸಿದಾಗಷ್ಟೇ ಮಾತನಾಡುತ್ತಿತ್ತು. ನನ್ನ ಎರಡೂ ಕೈಗಳು ಅಷ್ಟು ದಿನ ಒಟ್ಟಿಗೇ ಕೂಗಾಡುತ್ತಿದ್ದವು.

ಮುಂದಿನ ಜಾತ್ರೆಯ ಕಾರ್ಯಕ್ರಮದಲ್ಲಿ ಅದೇ ಹಾಡು, ಅದೇ ಜಾಗ. ಕೀಬೋರ್ಡ್‌ನವರು ಮತ್ತೆ ‘ಡುಗುಡುಗು’ ಎಂದರು. ನಾನು ಹೈಹ್ಯಾಟ್ ಒಂದನ್ನೇ ಚಿಟಗುಟ್ಟಿಸುತ್ತ ಇಡೀ ಬಾರ್ ಖಾಲಿ ಬಿಟ್ಟು, ಕೊನೆಗೆ ಒಂದೇ ಒಂದು ‘ಧಾ’ ಇಟ್ಟೆ. ಕೋಲು ಕೈಜಾರಿತೇನೋ ಎಂದು ಗಾಯಕಿ ಹಿಂದಿರುಗಿ ನೋಡಿದರು.